ಫರಸಿ ಬಡಿಯುವ ಮುತ್ಯಾ

ಸ್ಟೀಲ್ ಚಮಚದ ತುದಿ ಬಾಗಿಹೋಗಿತ್ತು. ಶಹಾಬಾದಿನ ವೃದ್ಧಾಶ್ರಮದಲ್ಲಿ ಒಬ್ಬ ಮುತ್ಯಾ ಅದರಿಂದ ದಿನವಿಡೀ ನೆಲದ ಫರಸಿಕಲ್ಲು ಬಡಿಯುತ್ತಿದ್ದರು, ಕಸಿದುಕೊಂಡರೆ ಹೊಡೆಯುತ್ತಿದ್ದರು. ಹಿರಿಯರ ಇಂಥ ಕಳವಳವನ್ನು ನಿಭಾಯಿಸಲು ಅಲ್ಲಿಯ ಸಿಬ್ಬಂದಿಗೆ ಕಲಿಸುವುದು ನನ್ನ ಕೆಲಸ.

“ನಾಳಿತನಕ ನೋಡ್ತೀನ್ರಿ, ಆಮ್ಯಾಲ ಈ ಕೆಲಸಾನೇ ಬಿಡ್ತೀನಿ,” ಎಂದಳು ಆಯಾ, ಊದಿದ ಮಣಿಕಟ್ಟು ತೋರಿಸುತ್ತ.

“ಇವತ್ತು ಚಮಚ ಕಸಗೋಬ್ಯಾಡ್ರಿ. ಬರೀ ಕೇಳೋಣ,” ಎಂದೆ.

ಇಬ್ಬರೂ ಮುತ್ಯಾನ ಪಕ್ಕ ಕುಳಿತೆವು. ಟಣ್, ಟಣ್, ಟಣ್. ಗೋಡೆಯ ಬಳಿಯ ಕಲ್ಲು ಮಾತ್ರ ಡಬ್ ಎಂದಿತು. ಮುತ್ಯಾ ಗದರಿದರು: “ಇದು ಒಡದದ! ಯಾರ್ ಹಾಕ್ಯಾರ ಇದನ್ನ?”

ಆಯಾ ಥಟ್ಟನೆ ನನ್ನ ಕೈ ಹಿಡಿದಳು. “ಅಕ್ಕೋರೆ, ಖಣಿಯಾಗ ನಮ್ಮಪ್ಪನೂ ಹಿಂಗೇ ಬಡದು ಕಲ್ಲಿನ ಒಡಕು ಹುಡುಕ್ತಿದ್ದ!” ಆಮೇಲೆ ಅವರತ್ತ ತಿರುಗಿ ಕೇಳಿದಳು: “ಮುತ್ಯಾ, ನನ್ನ ಕೈನೂ ಬಡದು ನೋಡೀರಲ್ಲ, ಪಾಸೋ ಫೇಲೋ?”

“ನೀ ಗಟ್ಟಿ ಕಲ್ಲು, ಯವ್ವಾ,” ಎಂದು ಮುತ್ಯಾ ನಕ್ಕರು. ಅವರು ನಕ್ಕಿದ್ದನ್ನು ನಾವು ಕಂಡದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಕಲ್ಲಿನ ಅಂಗಡಿಗೆ ಹೋಗಿ ಮುತ್ಯಾ ಬಡಿದು ನೋಡಲೆಂದು ಫರಸಿ ತುಂಡುಗಳನ್ನು ಕೊಂಡೆ. ಒಂದು ಒಡೆದದ್ದೇ ಬೇಕೆಂದು ಹಟ ಹಿಡಿದು ಆರಿಸಿ ತಂದು, ಆಶ್ರಮದ ಬಾಗಿಲಲ್ಲೇ ಕಾಯುತ್ತಿದ್ದ ಆಯಾಳ ಕೈಗಿಟ್ಟೆ.