ಇಲಿ ಮನೆಯ ಗಂಗುಲಪ್ಪ

ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಬೆನ್ನು ಬಗ್ಗಿಸಿದ ಗಂಗುಲಪ್ಪನಿಗೆ ನಡುವಯಸ್ಸಿನಲ್ಲಿ ನೆರಳಿನ ಕೆಲಸ ಸಿಕ್ಕಿತು. ವೇಮಗಲ್ ಬಳಿಯ ಪ್ರಯೋಗಾಲಯದಲ್ಲಿ ಇಲಿಗಳ ಚಾಕರಿ. ಕಳೆ ಔಷಧಿ ಕುಡಿಸಿದ ಬಿಳಿ ಇಲಿಗಳಿಗೆ ನೀರಿಡಬೇಕು, ಹೊಟ್ಟು ಬದಲಿಸಬೇಕು. ಅವು ಮೀಸೆ ಕುಣಿಸುತ್ತ ಆಡಿಕೊಂಡೇ ಇರುತ್ತಿದ್ದವು. ರಕ್ತ ಪರೀಕ್ಷೆಯಲ್ಲಿ ಮಾತ್ರ ಲಿವರಿನ ಕಿಣ್ವ ಏರಿರುತ್ತಿತ್ತು. ಲಿವರ್ ಕೆಡುವಾಗ ಅದು ರಕ್ತಕ್ಕೆ ಸೋರುತ್ತದೆಂದು ಅಲ್ಲಿನ ತ್ರಿವೇಣಿ ಮೇಡಂ ಹೇಳಿದ್ದರು.

ಹೆಂಡತಿ ಕದಿರಮ್ಮನ ರಕ್ತದಲ್ಲೂ ಅದೇ ಏರಿದೆ, ತಡಮಾಡದೆ ಕೋಲಾರದ ಆಸ್ಪತ್ರೆಗೆ ಕರೆದೊಯ್ಯು ಎಂದು ಡಾಕ್ಟರು ಹೇಳಿದ ದಿನ, ಅವನ ಕಣ್ಣು ತಮ್ಮ ಹಿಪ್ಪುನೇರಳೆ ತೋಟದಲ್ಲಿದ್ದ ಕ್ಯಾನಿನ ಮೇಲೆ ಬಿತ್ತು. ಕಳೆ ಔಷಧಿಯ ಕ್ಯಾನು. ಅದರಲ್ಲಿ ಅವಳ ಕುಡಿಯುವ ನೀರು.

"ಇದರಲ್ಲಾ ಕುಡೀತಿರೋದು?"

"ಬೂದಿ ಹಾಕಿ ತಿಕ್ಕಿದೀನಿ. ಅದರ ನೀರು ಚಿಮುಕಿಸಿ ನಾಕು ಹುಳಕ್ಕೆ ಸೊಪ್ಪು ಹಾಕ್ದೆ. ಒಂದೂ ಸಾಯ್ಲಿಲ್ಲ."

ರೇಷ್ಮೆ ಸಾಕುವ ಮನೆಗಳಲ್ಲಿ ಸೊಪ್ಪಿನ ಮೇಲೆ ಅನುಮಾನ ಬಂದರೆ ಹಾಗೇ ನೋಡುವುದು. ಹುಳು ಉಳಿದರೆ ಮತ್ತೆ ಮಾತಿಲ್ಲ.

"ನಮ್ಮ ಇಲಿಗಳೂ ಸಾಯಲ್ಲ ಕಣೇ! ಕುಣೀತಾ ಕುಣೀತಾನೇ ಒಳಗೆ ಕೊಳೀತವೆ."

"ಬಂದ ನೋಡು, ಇಲಿ ಡಾಕ್ಟ್ರು!" ನಕ್ಕಳು. ನಕ್ಕ ಕಣ್ಣು ಅರಿಶಿನವಾಗಿತ್ತು. ಆಸ್ಪತ್ರೆಗೆ ಮಾತ್ರ ಒಪ್ಪಲಿಲ್ಲ.

ಮರುದಿನ ಅವನು ತ್ರಿವೇಣಿಯವರಿಗೆ ಹೆಂಡತಿಯ, ಕ್ಯಾನಿನ ವಿಷಯವೆಲ್ಲ ಹೇಳಿ ಕೈಮುಗಿದು ನಿಂತ. "ಔಷಧಿ ನಿಲ್ಲಿಸಿದ ಇಲಿಗಳದ್ದು ಆ ಕಿಣ್ವ ಇಳೀತಾ ಮೇಡಂ?"

"ಕೆಲವದ್ದು ಇಳೀತು. ಇಲಿ ನೋಡಿ ಮನುಷ್ಯರದ್ದು ಹೇಳಕ್ಕಾಗಲ್ಲ ಗಂಗುಲಪ್ಪ. ಕ್ಯಾನಿಂದಲೇ ಅಂತಲೂ ಗೊತ್ತಿಲ್ಲ. ಇಲ್ಲಿ ನಿಂತಿದ್ದೀರಲ್ಲ, ಮೊದಲು ಆಸ್ಪತ್ರೆಗೆ ಹೋಗಿ!"

ಮನೆಗೆ ಓಡಿದ. ಕದಿರಮ್ಮ ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಂಕಿಗೆ ಬಿಡುತ್ತಿದ್ದಳು. ನಿಲ್ಲಲಾರದೆ ಗೋಡೆಗೊರಗಿದ್ದಳು.

"ಇವತ್ತು ಬಿಟ್ಟರೆ ಬೆಳೆಯೆಲ್ಲ ಹಾಳು. ನಾಳಿದ್ದು ಬರ್ತೀನಿ."

ಅವನು ಅವಳ ರಟ್ಟೆ ಹಿಡಿದು ಹೊರಗೆಳೆದು, ಹುಳುಗಳನ್ನು ಒಳಗೇ ಬಿಟ್ಟು ಬಾಗಿಲು ಹಾಕಿದ.

ಕೋಲಾರದ ಬಸ್ಸಿನಲ್ಲಿ ಅವಳು ಅತ್ತೂ ಅತ್ತೂ ಸೋತಳು. ಸಮಾಧಾನಕ್ಕೆಂದು ಅವನು ಮೇಡಂ ಹೇಳಿದ್ದರಲ್ಲಿ ಮೊದಲ ಮಾತನ್ನಷ್ಟೇ ಹೇಳಿದ: ಔಷಧಿ ನಿಲ್ಲಿಸಿದ ಮೇಲೆ ಕೆಲವು ಇಲಿಗಳದ್ದು ಇಳೀತಂತೆ.

"ಹಂಗಾದ್ರೆ, ಆ ವಾಸಿಯಾದ ಇಲಿಗಳು ಈಗ ಚೆನ್ನಾಗವಾ?"

ಕಿಣ್ವ ಇಳಿದವನ್ನೂ ಇಳಿಯದವನ್ನೂ ಕೊನೆಗೆ ಕೊಂದು, ಲಿವರ್ ತೆಗೆದು ತಟ್ಟೆಯಲ್ಲಿಟ್ಟು ನೋಡುತ್ತಾರೆ. ಆ ತಟ್ಟೆ ತೊಳೆಯುವವನು ಅವನೇ.

"ಚೆನ್ನಾಗವೆ," ಎಂದ, ಕಿಟಕಿಯ ಕಡೆ ನೋಡುತ್ತ.