ಹುಳು ಮನೆಯ ಹೊರಗೆ ನಿಂತ ಹೆಸರು

ಕಳೆದ ವಾರ ಒಬ್ಬ ಹೆಂಗಸು ರೇಷ್ಮೆ ಸಾಕುವ ಹುಳು ಮನೆಯ ಒಳಗಿಂದ ಕೂಗಿದ ಒಂದು ಮಾತಿಗೆ ನಮ್ಮ ಅಕ್ಕನ ಮಗಳ ಕಂಪನಿ ಮುಳುಗಿಯೇ ಹೋಯಿತು ಅಂದುಕೊಂಡೆ.

ಅಕ್ಕನ ಮಗಳು ರೂಪಾ ಶಿಡ್ಲಘಟ್ಟದಲ್ಲಿ ಸ್ಟಾರ್ಟಪ್ ನಡೆಸುತ್ತಾಳೆ. ರೇಷ್ಮೆ ಸೀರೆಗೆ ಅವಳದೊಂದು ಕ್ಯೂಆರ್ ಕೋಡ್ ಚೀಟಿ. ಫೋನ್ ಹಿಡಿದರೆ ಗೂಡು ಬೆಳೆದವರು, ನೂಲು ತೆಗೆದವರು, ನೇಯ್ದವರು, ಎಲ್ಲರ ಹೆಸರೂ ಬರುತ್ತದೆ. "ಒಂದು ಹೆಸರೂ ಸುಳ್ಳಿರಲ್ಲ ಮಾವ" ಎನ್ನುವುದು ಅವಳ ಗ್ಯಾರಂಟಿ. (ನಾನೋ, ಟೊಮೆಟೊ ಬಾಕ್ಸಿನ ಮೇಲ್ಸಾಲಲ್ಲಿ ಜೋಡಿಸಿಟ್ಟ ಒಳ್ಳೆ ಹಣ್ಣನ್ನೂ ನಂಬದ ಚಿಂತಾಮಣಿಯವನು.)

ಮೊದಲ ದೊಡ್ಡ ಆರ್ಡರ್ ಕೊಡಲು ಬೆಂಗಳೂರಿನ ಸೀರೆ ಅಂಗಡಿಯ ಮೇಡಂ ಒಬ್ಬರು ಬಂದಿದ್ದರು. ಒಂದು ಚೀಟಿ ಸ್ಕ್ಯಾನ್ ಮಾಡಿ, "ಈ ರೈತರನ್ನ ನೋಡ್ಬೇಕಲ್ಲ" ಎಂದರು. ಹೆಸರು ವೆಂಕಟೇಶಪ್ಪ. ಕಾರು ಅವರ ಊರಿಗೆ ಹೊರಟಿತು. ನಾನೂ ಹತ್ತಿದೆ.

ವೆಂಕಟೇಶಪ್ಪ ಇಸ್ತ್ರಿ ಶರ್ಟಿನಲ್ಲಿ ಹುಳು ಮನೆಯ ಮುಂದೆ ನಿಂತಿದ್ದರು. ಮೇಡಂ ಕೇಳಿದರು, "ಈಗ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕ್ತೀರಿ?"

"ಮೂರು ಸಲ ಮೇಡಂ."

ಒಳಗಿಂದ ಅವರ ಹೆಂಡತಿ ನಾರಾಯಣಮ್ಮನ ದನಿ ಬಂತು. "ಏನ್ ಮೂರು ಸಲ! ನಿನ್ನೆಯಿಂದ ಜ್ವರಕ್ಕೆ ಕೂತವೆ. ಒಂದೆಲೆ ಹಾಕಿಲ್ಲ!" (ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ.)

"ನೀವು ಒಳಗೆ ಹೋಗಿ ನೋಡಲ್ವಾ?" ಮೇಡಂ ವೆಂಕಟೇಶಪ್ಪನವರನ್ನು ಕೇಳಿದರು.

ಉತ್ತರವೂ ಒಳಗಿಂದಲೇ ಬಂತು. "ಬೀಡಿ ಸೇದ್ತಾರಮ್ಮ. ಆ ವಾಸನೆಗೆ ಹುಳ ಉಳೀತವಾ? ಹತ್ತು ವರ್ಷದಿಂದ ಹೊಸಿಲು ದಾಟಕ್ಕೆ ಬಿಟ್ಟಿಲ್ಲ."

ವೆಂಕಟೇಶಪ್ಪ ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡರು.

ರೂಪಾಳ ಮುಖ ಇಳಿದುಹೋಯಿತು. ಜಮೀನಿನ ಪಹಣಿ ವೆಂಕಟೇಶಪ್ಪನವರದು, ಪಾಸ್‌ಬುಕ್ಕೂ ಅವರದು. ಅದನ್ನೇ ನೋಡಿ ಹೆಸರು ತುಂಬಿಸಿದ್ದಳು. ನನಗೆ ಸಿಟ್ಟು ಬಂತು. ಹೆಣ್ಣಾಗಿ ಇವಳೂ ಹೀಗಾ? ಆಮೇಲೆ ನೆನಪಾಯಿತು, ಕಾರಿಳಿದವನು ನಾನು ಕೈಮುಗಿದದ್ದಾದರೂ ಯಾರಿಗೆ?

ಆದರೆ ಹುಡುಗಿ ನೆಪ ಹೇಳಲಿಲ್ಲ. "ತಪ್ಪು ನಂದೇ ಮೇಡಂ. ಎಲ್ಲ ಮನೆಗೂ ಹೋಗಿ ಸರಿ ಮಾಡ್ತೀನಿ" ಎಂದು ಅಲ್ಲೇ ಫೋನ್ ತೆಗೆದಳು. ಅವಳ ಫಾರ್ಮಿಗೆ ಹೊಸದೊಂದು ಪ್ರಶ್ನೆ ಸೇರಿತು: ಸೊಪ್ಪು ಹಾಕಿದವರು ಯಾರು?

"ಸರಿ ಮಾಡಿ ತೋರಿಸಿ, ಆರ್ಡರ್ ನಿಮ್ಮದೇ" ಎಂದರು ಮೇಡಂ. ಈಗ ರೂಪಾ ಹಳ್ಳಿ ಹಳ್ಳಿ ಸುತ್ತುತ್ತಿದ್ದಾಳೆ. ಗೆಲ್ಲುತ್ತಾಳೆ, ನನಗಂತೂ ಅನುಮಾನವಿಲ್ಲ. ತಪ್ಪು ಒಪ್ಪಿಕೊಳ್ಳಲು ಅರ್ಧ ನಿಮಿಷವೂ ತಗೊಳ್ಳದವಳನ್ನು ಸೋಲಿಸುವುದು ಕಷ್ಟ.

ಅವತ್ತು ಸಂಜೆ ಮನೆಗೆ ಬಂದವನು ಗೇಟಿನ ಬೋರ್ಡ್ ನೋಡಿದೆ. ನನ್ನೊಬ್ಬನದೇ ಹೆಸರು. ನಮ್ಮನೆಯವಳು ಇನ್ನೂ ಒಳಗಿಂದ ಕೂಗಿಲ್ಲ, ಅಷ್ಟೇ.