ನಾನು ಬೇಡವೆಂದ ಕ್ಲಾಂಪು

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಕಬ್ಬಿಣದ ಪೈಪುಗಳು ಎರಡು ಲಾರಿಗಳಲ್ಲಿ ಹೊಸಕೋಟೆಗೆ ಬಂದವು. ಅಲ್ಲಿ ರೇಷನ್ ದವಸ ತುಂಬಿಡಲು ಎತ್ತರದ ಗೋಡೆಯ ಒಂದು ಉಗ್ರಾಣ ಕಟ್ಟುತ್ತಿದ್ದರು. ಅಲ್ಲಿಯವರೆಗೆ ನಮ್ಮ ಕಡೆ ಸಾರವೆ ಎಂದರೆ ಸರ್ವೆ ಮರ ಮತ್ತು ತೆಂಗಿನ ನಾರಿನ ಹಗ್ಗ, ಅಷ್ಟೇ. ಗೋಡೆ ಮೇಲೇರಿದ ಹಾಗೆಲ್ಲ ಗಾರೆಯವರು ನಿಲ್ಲಲು ಮರಕ್ಕೆ ಮರ ಬಿಗಿಯುತ್ತ ಹೋಗುವುದು. ಆ ಕೆಲಸದಲ್ಲಿ ನನ್ನ ಕೈಹಿಡಿದ ನಮ್ಮ ಯಜಮಾನರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಅವರ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಇದನ್ನು ಈಗಲೂ ಒಪ್ಪುತ್ತೇನೆ.

ಕಬ್ಬಿಣದ ಸಾರವೆಗೆ ಹಗ್ಗ ಬೇಡ. ಒಂದು ಪೈಪನ್ನು ಇನ್ನೊಂದಕ್ಕೆ ಹಿಡಿಸಲು ಉಕ್ಕಿನ ಕ್ಲಾಂಪು ಇರುತ್ತದೆ. ಅದಕ್ಕೆ ಎರಡು ಬಾಯಿ, ಒಂದೊಂದು ಬಾಯಿಗೂ ಒಂದು ಬೋಲ್ಟು, ಒಂದು ನಟ್ಟು. ಮೂಟೆಗಟ್ಟಲೆ ಬಂದಿದ್ದ ಆ ಕ್ಲಾಂಪುಗಳನ್ನು ಆರಿಸುವ ಕೆಲಸವನ್ನು ಮೇಸ್ತ್ರಿ ನನಗೆ ಕೊಟ್ಟರು. ಯುದ್ಧದ ಕಾಲದಲ್ಲಿ ನಾನು ವಿಮಾನದ ಮೈದಾನದಲ್ಲಿ ಜಲ್ಲಿ ಹೊರುತ್ತಿದ್ದೆ. ಅಲ್ಲಿ ಒಬ್ಬ ತಮಿಳು ಫಿಟ್ಟರ್ ತಾತ ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿಕೊಟ್ಟಿದ್ದರು. ನಟ್ಟು ಬರಿಯ ಬೆರಳಿನಲ್ಲೇ ಕೊನೆಯ ತನಕ ಓಡಬೇಕು. ನಡುವೆ ತಡೆದರೆ ಬೋಲ್ಟಿನ ಮರೆ, ಅಂದರೆ ಅದರ ಸುತ್ತುಗೀರು, ಸವೆದಿದೆ ಎಂದರ್ಥ. ದಾರಕ್ಕೆ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಣ್ಣೆನ್ನಬೇಕು. ಮಂಕಾಗಿ ಸದ್ದು ಮಾಡಿದರೆ ಎಲ್ಲೋ ಬಿರುಕು ಬಿಟ್ಟಿದೆ. ಎಣ್ಣೆ ಮರೆಗೆ ಮಾತ್ರ. ಬಾಯಿಯೊಳಗೆ ಒಂದು ಹನಿ ಬಿದ್ದರೂ ಪೈಪು ಜಾರುತ್ತದೆ. ತಿರುಗುವ ಕ್ಲಾಂಪು ಓರೆಯಾಗಿ ಕೊಡುವ ಪೈಪಿಗೆ ಸರಿ, ಜನ ನಿಲ್ಲುವ ಪೈಪಿಗೆ ತಿರುಗದ ಕ್ಲಾಂಪೇ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪೈಪನ್ನು ಕಚ್ಚಿ ಬಿಗಿದ ಮೇಲೂ ಬಾಯಿಯ ತುದಿಗಳ ನಡುವೆ ಸ್ವಲ್ಪ ಸಂದಿ ಉಳಿದಿರಬೇಕು. ತುದಿಗೆ ತುದಿ ಕೂಡಿಬಿಟ್ಟರೆ ಅದು ಪೈಪನ್ನು ಹಿಡಿದಿಲ್ಲ, ಸುಮ್ಮನೆ ತಬ್ಬಿಕೊಂಡಿದೆ ಅಷ್ಟೇ.

ಮೋಟು ಪೈಪೊಂದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಒಂದೊಂದನ್ನೂ ಹಾಕಿ ಬಿಗಿದು ನೋಡುತ್ತಿದ್ದೆ. ಬೇಡವಾದವು ಹೊಂಗೆಮರದ ಕೆಳಗಿನ ಗುಡ್ಡೆಗೆ. ಆ ಗುಡ್ಡೆ ಬೆಳೆಯುವುದನ್ನು ಕಂಡು ನಮ್ಮ ಯಜಮಾನರು ರೇಗಿಸುತ್ತಿದ್ದರು.

"ಏನೇ ಇದು, ಹೆಣ್ಣು ನೋಡಕ್ಕೆ ಬಂದೋರ ಥರ ತಿರುಗಿಸಿ ತಿರುಗಿಸಿ ನೋಡ್ತೀಯಲ್ಲ."

"ನಮ್ಮಪ್ಪ ಗಂಡು ನೋಡಕ್ಕೆ ಬಂದಾಗ ಹಿಂಗೆ ನೋಡಿದ್ದಿದ್ರೆ ಚೆನ್ನಾಗಿತ್ತು" ಎಂದೆ. ಕೆಲಸದವರೆಲ್ಲ ನಕ್ಕರು. ಅವರೂ ನಕ್ಕರು.

ನನ್ನ ಗೆಳತಿಯೊಬ್ಬಳು ಅಲ್ಲಿ ಗಾರೆ ಹೊರುತ್ತಿದ್ದಳು. ಅನುಗೊಂಡನಹಳ್ಳಿಯವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮರದ ಸಾರವೆಯ ಮೇಲೆ ಬಾಣಲಿ ಹೊತ್ತು ಅಂಗಳದಲ್ಲಿ ಓಡಾಡಿದ ಹಾಗೆ ಓಡಾಡುವವಳು, ಕಬ್ಬಿಣ ಕಂಡರೆ ಹೆದರುತ್ತಿದ್ದಳು. ದಿನಾ ಬೆಳಗ್ಗೆ ಏಣಿಗೆ ಕೈಹಚ್ಚುವ ಮುಂಚೆ ನನ್ನ ಕಡೆ ತಿರುಗಿ, "ನೋಡಿದ್ದೀಯಾ ಅಕ್ಕ?" ಎಂದು ಕೇಳುವಳು. ನಾನು, "ಎಲ್ಲಾ ನೋಡಿದ್ದೀನಿ, ಹತ್ತು" ಎನ್ನುವೆ. ಆಮೇಲೆ ಹತ್ತುವಳು. ಮೇಸ್ತ್ರಿ ಹೇಳಿದರೂ ಹತ್ತುತ್ತಿರಲಿಲ್ಲ, ನಾನು ಹೇಳಬೇಕಾಗಿತ್ತು. ಅದು ನನಗೆ ಎಷ್ಟು ಹೆಮ್ಮೆ ಕೊಡುತ್ತಿತ್ತೆಂದರೆ, ಮನೆಗೆ ಹೋಗಿ ಮುದ್ದೆ ತೊಳಸುವಾಗಲೂ ಅದನ್ನೇ ನೆನೆದುಕೊಂಡು ನಗುತ್ತಿದ್ದೆ.

ಗೋಡೆ ಸಾರವೆಯ ಮೂರನೆಯ ಅಂತಸ್ತಿಗೆ ಬಂದಾಗ ಒಳ್ಳೆಯ ಕ್ಲಾಂಪು ಸಾಲದೆ ಬಂತು. ಗಾರೆ ಅರೆದು ಸಿದ್ಧವಾಗಿತ್ತು, ಮೇಸ್ತ್ರಿ ಅವಸರ ಮಾಡುತ್ತಿದ್ದರು. ಇನ್ನೊಂದು ಮೂಟೆ ನಾಳಿದ್ದು ಬರುತ್ತದೆ, ಅಲ್ಲಿಯ ತನಕ ಕೆಳಗಿನ ಕೆಲಸ ಮಾಡಿ ಎಂದು ನಾನು ಹೇಳಿದ್ದೆ. ಸಂಜೆ ನಾನು ನೀರಿಗೆ ಹೋದಾಗ ನಮ್ಮ ಯಜಮಾನರು ಹೊಂಗೆಮರದ ಕೆಳಗಿನ ಗುಡ್ಡೆಯಿಂದ ಬಾಯಿ ಸವೆದ ಕ್ಲಾಂಪುಗಳನ್ನು ಎತ್ತಿಕೊಂಡು ಹೋದರು. ಪೈಪಿಗೆ ನೆನೆಸಿದ ನಾರು ಸುತ್ತಿ ದಪ್ಪ ಮಾಡಿ, ಅದರ ಮೇಲೆ ಕ್ಲಾಂಪು ಬಿಗಿದರು. ಹಗ್ಗದಲ್ಲಿ ಕೈ ಪಳಗಿದವರು, ನಾರು ತಮಗೆ ಯಾವತ್ತೂ ಕೈಕೊಟ್ಟಿಲ್ಲ ಎಂದುಕೊಂಡರು. ಹಸಿಯಲ್ಲಿ ಅದು ಉಬ್ಬಿ ಗಟ್ಟಿಯಾಗಿಯೇ ಇತ್ತು. ಇದೊಂದೂ ಆಗ ನನಗೆ ಗೊತ್ತಿಲ್ಲ.

ಮರುದಿನ ಬೆಳಗ್ಗೆ ಅವಳು ಕೇಳಿದಳು, ಕೆಳಗಿನ ಅಂತಸ್ತಿನ ಕೆಲಸಕ್ಕೇ ಎಂದುಕೊಂಡು ನಾನು ಹತ್ತು ಎಂದೆ. ಮಧ್ಯಾಹ್ನದ ಬಿಸಿಲಿಗೆ ನಾರು ಒಣಗಿ ಸೊರಗಿತು. ಅವಳು ತುಂಬಿದ ಬಾಣಲಿ ಹೊತ್ತು ಕಾಲಿಟ್ಟ ಕಡೆ ಪೈಪು ಸರ್ರನೆ ಕೆಳಗೆ ಜಾರಿತು. ಹಲಗೆ, ಗಾರೆ, ಅವಳು, ಎಲ್ಲ ಒಟ್ಟಿಗೆ ಬಿದ್ದವು. ಸೊಂಟದ ಮೂಳೆ ಮುರಿದಿತ್ತು.

ಎಲ್ಲರೂ ಅವಳ ಸುತ್ತ ಸೇರಿದ್ದರು. ನೀರಿಗಾಗಿ ನಾನು ತಿರುಗಿದಾಗ ನಮ್ಮ ಯಜಮಾನರು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಬಿದ್ದ ಕ್ಲಾಂಪಿನ ಬಾಯಿಯಿಂದ ನಾರನ್ನು ಉಗುರಿನಲ್ಲಿ ಕಿತ್ತು ಕಿತ್ತು ಪಂಚೆಯ ಮಡಿಲಿಗೆ ಸೇರಿಸುತ್ತಿದ್ದರು. ನನ್ನನ್ನು ನೋಡಿದರು. ನೋಡಿಯೂ ಕೀಳುವುದನ್ನು ನಿಲ್ಲಿಸಲಿಲ್ಲ.

ಓವರ್‌ಸಿಯರ್ ಬಂದು ಕ್ಲಾಂಪು ಎತ್ತಿ ನೋಡಿ, ಇದನ್ನು ಆರಿಸಿದವರು ಯಾರೆಂದು ಕೇಳಿದರು.

"ಆರ್ಸೋದು ನಮ್ಮವಳು, ಸ್ವಾಮಿ. ನಾನು ಕೊಟ್ಟಿದ್ದನ್ನ ಬಿಗೀತೀನಿ, ಅಷ್ಟೇ."

ನಾನು ನಾರಿನ ವಿಷಯ ಹೇಳಿದೆ, ಗುಡ್ಡೆಯ ವಿಷಯ ಹೇಳಿದೆ, ಮಡಿಲು ಬಿಚ್ಚಿಸಿ ನೋಡಿ ಎಂದೆ. ಓವರ್‌ಸಿಯರ್, "ಗಂಡನ ತಲೆಗೇ ಕಟ್ತೀಯೇನಮ್ಮ?" ಎಂದರು. ಅವತ್ತೇ ನನ್ನನ್ನು ಕೆಲಸದಿಂದ ಬಿಡಿಸಿದರು. ಕೆಲಸ ಹಾಳಾಗಲಿ. ಅವಳನ್ನು ಗಾಡಿಗೆ ಮಲಗಿಸುವಾಗ ನನ್ನ ಮುಖ ನೋಡಿ, "ನೋಡಿದ್ದೀನಿ ಅಂದ್ಯಲ್ಲಕ್ಕ" ಎಂದಳಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಮನೆಯಲ್ಲಿ ನಮ್ಮ ಯಜಮಾನರು ಮುಚ್ಚಿಡಲಿಲ್ಲ. "ನಾನು ಅಂತ ಗೊತ್ತಾದ್ರೆ ಇನ್ನು ಯಾವನು ನನ್ನ ಸಾರವೆ ಹತ್ತುತಾನೆ? ನೀನಾದ್ರೆ ಎಲ್ಲೋ ಒಂದು ಕಡೆ ಗಾರೆ ಹೊತ್ಕೋತೀಯ" ಎಂದರು. ನಾನು ಜಗಳವಾಡಿ, ಅತ್ತು, ಮೂರು ದಿನ ಮಾತು ಬಿಟ್ಟು, ಕೊನೆಗೆ ಒಂದೇ ಕೇಳಿದೆ. ಓವರ್‌ಸಿಯರ್‌ಗೆ ಹೇಳಬೇಡಿ, ಮೇಸ್ತ್ರಿಗೆ ಹೇಳಬೇಡಿ, ಅವಳೊಬ್ಬಳಿಗೆ ನಿಜ ಹೇಳಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ಅವರು ದೀಪ ಮುಟ್ಟಿ ಆಗಲಿ ಎಂದರು.

ಅವಳು ಆಸ್ಪತ್ರೆಯಿಂದ ಊರಿಗೆ ಬಂದ ಮೇಲೆ ಇಬ್ಬರೂ ನಡೆದುಕೊಂಡು ಹೋದೆವು. ನಾನು ಹುರಿಹಿಟ್ಟು, ಬೆಲ್ಲ ಕಟ್ಟಿಕೊಂಡಿದ್ದೆ. ಅವಳು ಜಗುಲಿಯ ಮೇಲೆ ಮಲಗಿದ್ದಳು. ಅವಳ ತಾಯಿ ಮಜ್ಜಿಗೆ ಕೊಟ್ಟರು. ನಮ್ಮ ಯಜಮಾನರು ರಾಗಿ ಪೈರಿನ ವಿಷಯ ಮಾತಾಡಿದರು, ಮಜ್ಜಿಗೆ ಮುಗಿಸಿದರು, ಲೋಟ ಕೆಳಗಿಟ್ಟರು.

"ನೋಡಮ್ಮ, ಇವಳು ದಿನಾ ಕೊರಗ್ತಾಳೆ. ತಿಳೀದೆ ಆಗೋಯ್ತು. ದೊಡ್ಡ ಮನಸ್ಸು ಮಾಡಿ ಇವಳನ್ನ ಕ್ಷಮಿಸಿಬಿಡು."

ಅವಳು ನನ್ನ ಕೈ ಹಿಡಿದುಕೊಂಡು, "ಬಿಡಕ್ಕ, ನೀನೇನು ಬೇಕೂಂತ ಮಾಡಿದ್ಯಾ" ಎಂದಳು.

"ನಾನಲ್ಲ ಕಣೇ. ಬೇಡ ಅಂದಿದ್ದನ್ನ ಹಾಕಿದ್ದು ಇವ್ರು. ನಾರು ಸುತ್ತಿ ಹಾಕಿದ್ದು ಇವ್ರು. ಕೇಳು, ಇಲ್ಲೇ ಕೂತವ್ರಲ್ಲ, ಕೇಳು."

ಅವಳು ಅವರ ಕಡೆ ನೋಡಿದಳು. ಅವರು ತಲೆ ತಗ್ಗಿಸಿ, ಇಂಥ ಹೆಂಡತಿಯನ್ನು ಸಹಿಸಿಕೊಂಡು ಬಂದವರ ಹಾಗೆ ನಿಟ್ಟುಸಿರು ಬಿಟ್ಟರು. ಅವಳು ನನ್ನ ಕೈ ಬಿಟ್ಟಳು.

"ಭಾವ ನಿನ್ನ ಸಲುವಾಗಿ ಇಷ್ಟು ದೂರ ನಡ್ಕೊಂಡ್ ಬಂದವ್ರೆ. ಅವ್ರ ಮೇಲೆ ಹಾಕ್ಬೇಡಕ್ಕ."

ವಾಪಸು ಬರುವಾಗ ನಾನು ಬೇಗಬೇಗ ಹೆಜ್ಜೆ ಹಾಕಿ ಮುಂದೆ ಬಂದುಬಿಟ್ಟೆ. ಕೆರೆಯ ಏರಿಯ ಹತ್ತಿರ ಅವರು ಹಿಂದಿನಿಂದ ಕೂಗಿದರು. "ನೀನು ಹೇಳಿದಂಗೆ ಹೋಗಿ ಬಂದಾಯ್ತಲ್ಲ. ಇನ್ನಾದ್ರೂ ಸಮಾಧಾನವಾಯ್ತಾ?"

ಅಣಕಕ್ಕೆ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದರು.